ಬಿಲ್ ನೋಡಿ ಬೈಯುವ ಮೊದಲು ಪಾರ್ಟ್ ನಂಬರ್ ಕೇಳಿ

ಬೈಕ್ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು. ಶೋರೂಮ್ ಸರ್ವಿಸ್‌ನಲ್ಲಿ ಸುಲಿಯುತ್ತಾರೆ, ಪಾರ್ಟ್ ರೇಟು ಕೇಳಿದರೆ ತಲೆ ತಿರುಗುತ್ತದೆ ಅಂತ. ಒಬ್ಬೊಬ್ಬರಿಗೂ ಅದನ್ನೇ ಬರೆದು ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಒಂದು ಪತ್ರವನ್ನು ಪೂರ್ತಿ ಬಿಡಿಸುತ್ತೇನೆ. ಆಯಿಲ್ ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು, ಟೈರ್‌ಗೆ ಗಾಳಿ ಎಷ್ಟಿರಬೇಕು ಅಂತ ದಯವಿಟ್ಟು ಕೇಳಬೇಡಿ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಅದಿದೆ. ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಓದಿ.

ಪ್ರಶ್ನೆ: ನನ್ನದು 150 ಸಿಸಿ ಬೈಕ್, 24 ಸಾವಿರ ಕಿ.ಮೀ. ಓಡಿದೆ. ಚೈನ್ ಸದ್ದು ಬರುತ್ತಿತ್ತು. ಮುಂದಿನ ಬ್ರೇಕ್ ಹಿಡಿದರೆ ಹಿಂದಿನ ಬ್ರೇಕ್ ಲೈಟ್ ಹತ್ತುತ್ತಿರಲಿಲ್ಲ. ಶೋರೂಮ್‌ಗೆ ಬಿಟ್ಟೆ. ಸಂಜೆ 7,900 ರೂಪಾಯಿ ಬಿಲ್ ಕೊಟ್ಟರು. ಚೈನ್ ಸೆಟ್, ಬ್ರೇಕ್ ಮಾಸ್ಟರ್ ಸಿಲಿಂಡರ್ ಅಸೆಂಬ್ಲಿ, ಆಯಿಲ್, ಎಂಜಿನ್ ಡೀಕಾರ್ಬನ್, ಟೆಫ್ಲಾನ್ ಕೋಟಿಂಗ್, ಕನ್ಸ್ಯೂಮಬಲ್ಸ್ ಅಂತೆಲ್ಲ ಬರೆದಿದ್ದಾರೆ. ಹಳೇ ಪಾರ್ಟ್ ಕೇಳಿದರೆ ಸ್ಕ್ರ್ಯಾಪ್‌ಗೆ ಹೋಯ್ತು ಅಂದರು. ಇನ್ನು ಮುಂದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪಾರ್ಟ್ ತಂದು ಹೊರಗಡೆ ಹಾಕಿಸೋಣ ಅಂತಿದ್ದೇನೆ. ಸರಿನಾ ಸರ್? (ತುಮಕೂರಿನ ಓದುಗರು)

ಒಟ್ಟು ಮೊತ್ತ ನೋಡಿ ಸಿಟ್ಟು ಮಾಡಿಕೊಂಡರೆ ದುಡ್ಡು ಎಲ್ಲಿ ಹೋಯಿತು ಅನ್ನೋದು ಗೊತ್ತಾಗುವುದಿಲ್ಲ. ಬಿಲ್ಲಿನ ಒಂದೊಂದು ಸಾಲನ್ನೂ ಬೇರೆ ಬೇರೆ ನೋಡೋಣ.

ಚೈನ್ ಸೆಟ್ ಹಾಕಿದ್ದು ಬಹುಶಃ ಸರಿಯೇ. 24 ಸಾವಿರ ಕಿಲೋಮೀಟರ್‌ಗೆ ಚೈನ್ ಸವೆದಿದ್ದರೆ ಅದರಲ್ಲಿ ಮೋಸ ಏನೂ ಇಲ್ಲ. ನೀವೇ ನೋಡಬಹುದಿತ್ತು. ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲುಚಕ್ರ) ತೀರಾ ಹಿಂಭಾಗದಲ್ಲಿ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧ ಭಾಗ ಕಾಣುವಷ್ಟು ಮೇಲೆದ್ದರೆ ಚೈನ್ ಕತೆ ಮುಗಿಯಿತು. ಆಗ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಗಬೇಕು. 'ಬರೀ ಚೈನ್ ಹಾಕಿ ಸಾಕು' ಅನ್ನುವ ಮೆಕ್ಯಾನಿಕ್ ನಿಮ್ಮ ದುಡ್ಡು ಉಳಿಸುತ್ತಿಲ್ಲ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿಂದು ಹಾಕುತ್ತದೆ.

ನನಗೆ ಸಿಟ್ಟು ಬಂದಿದ್ದು ಮಾಸ್ಟರ್ ಸಿಲಿಂಡರ್ (ಲಿವರ್ ಹಿಡಿದಾಗ ಬ್ರೇಕ್ ಫ್ಲೂಯಿಡ್ ತಳ್ಳುವ ಪಂಪ್) ನೋಡಿ. ಬ್ರೇಕ್ ಹಿಡಿದಾಗ ಲೈಟ್ ಹತ್ತದಿದ್ದರೆ ಮೊದಲು ನೋಡಬೇಕಾದ್ದು ಬಲ್ಬು. ನಿಮ್ಮದು ಹಿಂದಿನ ಬ್ರೇಕ್ ತುಳಿದಾಗ ಹತ್ತುತ್ತಿದ್ದರೆ ಬಲ್ಬು ಚೆನ್ನಾಗಿಯೇ ಇದೆ. ಉಳಿಯುವುದು ಲಿವರ್ ಕೆಳಗೆ ಕೂತಿರುವ ಚಿಕ್ಕ ಸ್ವಿಚ್, ಅದರ ವೈರು. ಆ ಸ್ವಿಚ್ ಬಹುತೇಕ ಬೈಕ್‌ಗಳಿಗೆ ಬೇರೆಯಾಗಿಯೇ ಸಿಗುತ್ತದೆ. ನೂರಿನ್ನೂರರ ಸಾಮಾನು. ಬ್ರೇಕ್ ಲೀಕ್ ಇತ್ತು, ಲಿವರ್ ಕುಸಿಯುತ್ತಿತ್ತು ಅಂತ ನೀವು ಬರೆದಿಲ್ಲ. ಹಾಗಿದ್ದಮೇಲೆ ಇಡೀ ಸಿಲಿಂಡರ್ ಯಾಕೆ ಹಾಕಿದರು? ಈ ಪ್ರಶ್ನೆಯನ್ನು ನೀವು ಅಲ್ಲೇ ಕೇಳಬೇಕಿತ್ತು.

ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಪ್ರತಿ ಮಾಡೆಲ್‌ಗೂ ಕಂಪನಿಯ ಪಾರ್ಟ್ಸ್ ಕ್ಯಾಟಲಾಗ್ ಇರುತ್ತದೆ. ಅದರಲ್ಲಿ ಗಾಡಿಯನ್ನು ತುಂಡು ತುಂಡಾಗಿ ಬಿಡಿಸಿದ ಚಿತ್ರ, ಬಿಡಿಯಾಗಿ ಮಾರುವ ಪ್ರತಿ ತುಂಡಿಗೂ ಒಂದು ನಂಬರ್. ನಂಬರ್ ಇದ್ದರೆ ಆ ತುಂಡು ಬಿಡಿಯಾಗಿ ಸಿಗುತ್ತದೆ, ಇಲ್ಲದಿದ್ದರೆ ಅಸೆಂಬ್ಲಿಯನ್ನೇ, ಅಂದರೆ ಜೋಡಿಸಿದ ಇಡೀ ಸೆಟ್ಟನ್ನೇ ಕೊಳ್ಳಬೇಕು. ಎಲ್‌ಇಡಿ ಹೆಡ್‌ಲೈಟ್, ಡಿಜಿಟಲ್ ಮೀಟರ್ ತರಹದವು ಹೆಚ್ಚಾಗಿ ಇಡಿಯಾಗಿಯೇ ಬರುತ್ತವೆ. ಅದಕ್ಕೆ ಡೀಲರ್ ಏನೂ ಮಾಡಲಾಗದು. ಆದರೆ ಎಷ್ಟೋ ಸಲ ಬಿಡಿ ಪಾರ್ಟ್‌ಗೆ ನಂಬರ್ ಇದ್ದರೂ ಸ್ಟಾಕ್ ಇಟ್ಟಿರುವುದಿಲ್ಲ. ಆರ್ಡರ್ ಹಾಕಿ ಕಾಯಬೇಕು. ಅಸೆಂಬ್ಲಿ ಮಾತ್ರ ಶೆಲ್ಫ್‌ನಲ್ಲಿ ರೆಡಿ ಇರುತ್ತದೆ. ಸಂಜೆಯೊಳಗೆ ಗಾಡಿ ಕೊಡಬೇಕು, ಸರ್ವಿಸ್ ಅಡ್ವೈಸರ್‌ಗೆ ತಿಂಗಳ ಟಾರ್ಗೆಟ್ಟೂ ಇರುತ್ತದೆ. ಹಾಗಾಗಿ ಅಸೆಂಬ್ಲಿಯನ್ನೇ ಹಾಕಿಬಿಡುತ್ತಾರೆ. ನೀವು ಕೌಂಟರ್‌ನಲ್ಲಿ 'ಯಾಕೆ ಇಷ್ಟು ಜಾಸ್ತಿ' ಅಂತ ಕೂಗಾಡಿದರೆ ಅವರಿಗೆ ಅಭ್ಯಾಸವಾಗಿದೆ. 'ಇದರ ಚೈಲ್ಡ್ ಪಾರ್ಟ್ (ಒಳಗಿನ ಬಿಡಿ ತುಂಡು) ನಂಬರ್ ಏನು, ಕ್ಯಾಟಲಾಗ್ ತೋರಿಸಿ' ಅಂತ ಮೆಲ್ಲಗೆ ಕೇಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಹಲವು ಕಂಪನಿಗಳ ಕ್ಯಾಟಲಾಗ್ ಆನ್‌ಲೈನ್‌ನಲ್ಲೇ ಸಿಗುತ್ತದೆ. ಗಾಡಿ ಬಿಡುವ ಹಿಂದಿನ ರಾತ್ರಿ ಹುಡುಕಿ ಇಟ್ಟುಕೊಳ್ಳಿ.

ಡೀಕಾರ್ಬನ್ (ಎಂಜಿನ್ ಒಳಗಿನ ಮಸಿ ತೆಗೆಯುವುದು), ಟೆಫ್ಲಾನ್ (ಬಣ್ಣದ ಮೇಲೆ ಹಚ್ಚುವ ಪಾಲಿಶ್) ಎರಡೂ ಬೇಕಿರಲಿಲ್ಲ. ಎಂಜಿನ್‌ನಲ್ಲಿ ತೊಂದರೆ ಇದೆ ಅಂತ ನೀವು ಹೇಳಿಯೇ ಇಲ್ಲ. ರೋಗವೇ ಇಲ್ಲದೆ ಔಷಧಿ ಯಾಕೆ? ಕನ್ಸ್ಯೂಮಬಲ್ಸ್ ಅಂದರೆ ಗ್ರೀಸು, ಬಟ್ಟೆ, ಸ್ಪ್ರೇ. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳುವ ಹಕ್ಕು ನಿಮಗಿದೆ.

ಈಗ ಜೆ.ಸಿ. ರಸ್ತೆ ವಿಷಯ. ಪ್ಯಾಕೆಟ್ ಮೇಲಿನ ಎಂಆರ್‌ಪಿ ಬೀದರ್‌ನಲ್ಲೂ ಅಷ್ಟೇ, ಬೆಂಗಳೂರಲ್ಲೂ ಅಷ್ಟೇ. ಅದರಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ಕಾನೂನು ಪ್ರಕಾರ ತಪ್ಪು. ಹೊರಗಡೆ ಕಮ್ಮಿಗೆ ಸಿಗುತ್ತದೆ ಅಂದರೆ ಎರಡು ಕಾರಣ ಇರಬಹುದು. ಒಂದು, ಕಂಪನಿಗೆ ಮಾಲು ಮಾಡಿಕೊಡುವವರೇ ತಮ್ಮ ಸ್ವಂತ ಡಬ್ಬಿಯಲ್ಲಿ ಮಾರುತ್ತಾರೆ. ಇದು ಒಳ್ಳೆಯ ಮಾಲು. ಉದಾಹರಣೆಗೆ ವೀಲ್ ಬೇರಿಂಗ್. ಅದರ ಮೇಲೆ 6202, 6301 ಅಂತ ನಂಬರ್ ಕೊರೆದಿರುತ್ತದೆ. ಜಗತ್ತಿನಲ್ಲಿ ಯಾರೇ ಮಾಡಿದರೂ 6301 ಅಂದರೆ ಒಳಗಿನ ತೂತು 12 ಮಿ.ಮೀ., ಹೊರಗಿನ ಅಳತೆ 37, ದಪ್ಪ 12. ಹಳೆಯದರ ನಂಬರ್ ಮತ್ತು ಸೀಲ್ ಗುರುತು ನೋಡಿ ಎಸ್‌ಕೆಎಫ್ ಅಥವಾ ಎನ್‌ಬಿಸಿಯದು ತಂದು ಹಾಕಿಸಿದರೆ ಏನೂ ಆಗುವುದಿಲ್ಲ. ಎನ್‌ಜಿಕೆ, ಬಾಷ್ ಪ್ಲಗ್ಗು, ರೋಲನ್ ಅಥವಾ ಡೈಮಂಡ್ ಚೈನ್ ಸೆಟ್, ಬ್ಯಾಟರಿ, ಟೈರು, ಇವಕ್ಕೂ ಇದೇ ಮಾತು. ನಿಮ್ಮ ಮಾಡೆಲ್‌ಗೆ ಹೇಳಿದ ನಂಬರ್ ಇರಬೇಕು, ಬಿಲ್ ಇರಬೇಕು.

ಎರಡನೇ ಕಾರಣ ನಕಲಿ. ಇಲ್ಲಿ ನನ್ನ ಮಾತು ಕಠಿಣವಾಗಿಯೇ ಇರುತ್ತದೆ. ಬ್ರೇಕ್ ಪ್ಯಾಡ್, ಬ್ರೇಕ್ ಶೂ, ಕ್ಲಚ್ ಪ್ಲೇಟ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಸೀಲ್ ಕಿಟ್, ಇವನ್ನು ಕಂಪನಿಯ ಅಧಿಕೃತ ಕೌಂಟರ್ ಬಿಟ್ಟು ಬೇರೆಲ್ಲೂ ತರಬೇಡಿ. ಚಾರ್ಮಾಡಿ ಘಾಟಿ ಇಳಿದು ಬಂದ ಒಂದು ಗಾಡಿಯ ಪ್ಯಾಡ್ ಬಿಚ್ಚಿದಾಗ ಲೈನಿಂಗ್ ಪೂರ್ತಿ ಎದ್ದು ಹೋಗಿತ್ತು. ಬರೀ ಕಬ್ಬಿಣದ ತಗಡು ಡಿಸ್ಕ್ ಉಜ್ಜುತ್ತಿತ್ತು. ಸವಾರ ಉಳಿದಿದ್ದು ಅದೃಷ್ಟ. ಅವರು ಆ ಪ್ಯಾಡ್‌ನಲ್ಲಿ ಉಳಿಸಿದ್ದ ದುಡ್ಡು ಒಂದು ಊಟದ್ದೂ ಆಗಿರಲಿಲ್ಲ. 'ಡಬ್ಬಿ ಮೇಲೆ ಕಂಪನಿ ಹೆಸರಿತ್ತಲ್ಲ' ಅಂತ ಹೇಳಬೇಡಿ. ಡಬ್ಬಿ ಅಚ್ಚು ಹಾಕುವುದು ಎಲ್ಲಕ್ಕಿಂತ ಸುಲಭದ ಕೆಲಸ.

ಮುಂದಿನ ಸಲ ಗಾಡಿ ಬಿಡುವಾಗ ಜಾಬ್ ಕಾರ್ಡ್‌ಗೆ (ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿ) ಸುಮ್ನೆ ಸಹಿ ಹಾಕಬೇಡಿ. ತೊಂದರೆ ಏನು ಅಂತ ನಿಮ್ಮ ಮಾತಲ್ಲೇ ಬರೆಸಿ. 'ಫೋನ್ ಮಾಡಿ ಕೇಳದೆ ಪಾರ್ಟ್ ಹಾಕಬಾರದು, ಹಳೇ ಪಾರ್ಟ್ ವಾಪಸ್ ಕೊಡಬೇಕು' ಅಂತ ಎರಡು ಸಾಲು ಸೇರಿಸಿ, ಆಮೇಲೆ ಸಹಿ. ಅದರ ಫೋಟೋ ತೆಗೆದುಕೊಳ್ಳಿ. ವಾರಂಟಿಯಲ್ಲಿ ಬದಲಿಸಿದ ಪಾರ್ಟ್ ಮಾತ್ರ ಕಂಪನಿಗೆ ಹೋಗುತ್ತದೆ. ನೀವು ದುಡ್ಡು ಕೊಟ್ಟಿದ್ದರೆ ಹಳೆಯದು ನಿಮ್ಮದೇ. ಶನಿವಾರ, ಭಾನುವಾರ ಹೋಗಬೇಡಿ. ಆ ಗದ್ದಲದಲ್ಲಿ ಪಾಪ ಮೆಕ್ಯಾನಿಕ್‌ಗೆ ಟ್ರಯಲ್ ನೋಡುವುದಕ್ಕೂ ಪುರುಸೊತ್ತಿರುವುದಿಲ್ಲ.

ಈಗಿನ ಬಿಲ್ಲಿನ ಬಗ್ಗೆ ಸರ್ವಿಸ್ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. ಸಿಲಿಂಡರ್ ಬದಲಿಸಿದ ಕಾರಣ ಕೇಳಿ. ಉತ್ತರ ಬರದಿದ್ದರೆ ಜಾಬ್ ಕಾರ್ಡ್ ನಂಬರ್ ಹಾಕಿ ಕಂಪನಿಗೆ ಮೇಲ್ ಕಳಿಸಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು. ಶೋರೂಮ್ ಇರುವ ಊರಿಗೆ ಅಲೆಯಬೇಕಿಲ್ಲ. ಬಿಲ್ಲೇ ಇಲ್ಲದೆ ಕೆಲಸ ಮಾಡಿಸಿಕೊಂಡು ಬಂದವರು ಮಾತ್ರ ನನಗೆ ಬರೆಯಬೇಡಿ. ಬಿಲ್ ಕೊಡದಿರುವುದು ಅದೇ ಕಾಯ್ದೆಯಲ್ಲಿ ತಪ್ಪು, ಕೇಳಿ ಪಡೆಯದಿರುವುದು ನಿಮ್ಮ ತಪ್ಪು.

ಪ್ರಶ್ನೆ: ಜಿಎಸ್‌ಟಿ ಹತ್ತು ಪರ್ಸೆಂಟ್ ಇಳಿದರೂ ಪಾರ್ಟ್ ರೇಟು ಹತ್ತು ಪರ್ಸೆಂಟ್ ಇಳಿದಿಲ್ಲ. ಮೋಸ ಅಲ್ವಾ?

ಲೆಕ್ಕ ಹಾಕಿ ನೋಡಿ. 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟ್ ಇದ್ದ ಬೈಕ್ ಪಾರ್ಟ್ಸ್ ಜಿಎಸ್‌ಟಿ 18ಕ್ಕೆ ಬಂತು. ನೂರು ರೂಪಾಯಿಯ ಸಾಮಾನು ಮೊದಲು 128 ಆಗುತ್ತಿತ್ತು, ಈಗ 118. ಅಂದರೆ ನೀವು ಕೊಡುವ ದುಡ್ಡಿನಲ್ಲಿ ಇಳಿಯಬೇಕಾದ್ದು ಎಂಟು ಪರ್ಸೆಂಟ್‌ಗೂ ಸ್ವಲ್ಪ ಕಮ್ಮಿ. ಲೇಬರ್ ಮೇಲಿನ ತೆರಿಗೆ ಮೊದಲೂ 18, ಈಗಲೂ 18. ಅಲ್ಲಿ ಇಳಿಯುವುದಕ್ಕೆ ಏನೂ ಇಲ್ಲ.

ಪ್ರಶ್ನೆ: ಕಾರಿನ ಆಯಿಲ್ ಉಳಿದಿದೆ, ಬೈಕ್‌ಗೆ ಹಾಕಬಹುದಾ?

ಬೇಡ. ಬಹುತೇಕ ಬೈಕ್‌ಗಳಲ್ಲಿ ಕ್ಲಚ್ ಕೂಡ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಅದು ಜಾರಲು ಶುರುವಾಗಬಹುದು. ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಅಂತ ಇರಬೇಕು, ಗ್ರೇಡ್ ಪುಸ್ತಕದಲ್ಲಿದ್ದದ್ದೇ ಇರಬೇಕು.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಮೈಲೇಜ್ ಬರುತ್ತದಂತೆ?

ಬರುವುದಿಲ್ಲ. ಮಾರುವವನಿಗೆ ದುಡ್ಡು ಬರುತ್ತದೆ.

ಪ್ರಶ್ನೆ: ಟೈರ್‌ಗೆ ನೈಟ್ರೋಜನ್ ಹಾಕಿಸಲೇಬೇಕಾ?

ಬೇಕಿಲ್ಲ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ.

ಪ್ರಶ್ನೆ: ಗಾಡಿ ತಗೊಂಡು ಐದು ವರ್ಷ ಆಯಿತು. ಬ್ರೇಕ್ ಫ್ಲೂಯಿಡ್ ಒಮ್ಮೆಯೂ ಬದಲಿಸಿಲ್ಲ. ಶೋರೂಮ್‌ನವರು ಹೇಳಲೂ ಇಲ್ಲ. ಮಟ್ಟ ಸರಿಯಾಗಿದೆ. ಬಿಡಬಹುದಾ?

ಬಿಡಬೇಡಿ. ಮುನ್ನೂರು ರೂಪಾಯಿ ಪಾಲಿಶ್ ಬಗ್ಗೆ ತಪ್ಪದೆ ಹೇಳುವವರು ಇದನ್ನು ಹೇಳಲಿಲ್ಲ ಅನ್ನೋದೇ ನನಗೆ ತೀರಾ ಬೇಸರ ತರುವ ವಿಷಯ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಮಟ್ಟ ಎಷ್ಟಿದ್ದರೂ ಉಪಯೋಗ ಇಲ್ಲ. ಆಗುಂಬೆ ತರಹದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಪೈಪಿನೊಳಗೆ ಆವಿ ಕಟ್ಟಿಕೊಂಡು ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೆಚ್ಚಿನ ಬೈಕ್‌ಗಳಿಗೆ ಡಾಟ್ 4 ಅನ್ನುವ ಗ್ರೇಡ್, ನಿಮ್ಮದು ಯಾವುದು ಅಂತ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿರುತ್ತದೆ (ಪೆಟ್ರೋಲ್ ಟ್ಯಾಂಕ್ ಅಲ್ಲ, ಹ್ಯಾಂಡಲ್ ಮೇಲಿರುವ ಫ್ಲೂಯಿಡ್‌ನ ಚಿಕ್ಕ ಟ್ಯಾಂಕ್). ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಇದ್ದರೆ ಮನೆಯಲ್ಲಿ ಪ್ರಯೋಗ ಮಾಡದೆ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ. ನಿಮ್ಮ ಎದುರೇ ಸೀಲ್ ಒಡೆದ ಚಿಕ್ಕ ಬಾಟಲಿ ಬಳಸಲಿ. ಉಳಿದಿದ್ದನ್ನು ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ, ತೆರೆದ ಬಾಟಲಿಯೂ ತೇವ ಹೀರುತ್ತದೆ.