ಔಷಧ ಕೊಳ್ಳುವ ಹಣದಲ್ಲಿ ರಕ್ತ ಪರೀಕ್ಷೆಯ ದಾಖಲೆ ಏಕೆ?

ಮಲಾವಿಯಂಥ ಬಡ ದೇಶದಲ್ಲಿ ವರ್ಷಗಟ್ಟಲೆ ರಕ್ತ ಪರೀಕ್ಷೆ ನಡೆಸಿ ದಾಖಲೆ ಇಡುವ ಬದಲು ಆ ಹಣಕ್ಕೆ ಔಷಧವನ್ನೇ ಕೊಳ್ಳಬಾರದೇ ಎಂದು ಕೇಳಿದ್ದೀರಿ. ಯಾವ ಔಷಧ ಕೊಳ್ಳಬೇಕು ಎಂದು ಹೇಳುವುದೇ ಆ ದಾಖಲೆ.

ಮಲಾವಿಯ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ 1998ರಿಂದ ಜ್ವರದ ರೋಗಿಗಳ ರಕ್ತವನ್ನು ಕಲ್ಚರ್ ಮಾಡುತ್ತಾ, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುತ್ತಾ ಬಂದಿದ್ದಾರೆ. ಮಗುವಿನಿಂದ ತೆಗೆಯುವುದು ಒಂದೆರಡು ಮಿಲಿಲೀಟರ್ ರಕ್ತ. ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಹರಡಿ, ಮೇಲೆ ಔಷಧ ಅದ್ದಿದ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಬಿಲ್ಲೆಯ ಸುತ್ತ ಅಗಲವಾದ ಖಾಲಿ ವರ್ತುಲ ಮೂಡಿದರೆ ಔಷಧ ನಾಟುತ್ತದೆ. ಅಂಚಿನವರೆಗೂ ಬ್ಯಾಕ್ಟೀರಿಯಾ ಹಬ್ಬಿದರೆ ಅದನ್ನು ಎಷ್ಟು ಕೊಂಡರೂ ದಂಡ.

2011ರಿಂದ ಅಲ್ಲಿ ಟೈಫಾಯ್ಡ್ ಏಕಾಏಕಿ ಏರಿತು, ಅದೂ ಹಲವು ಹಳೆಯ ಔಷಧಗಳಿಗೆ ಬಗ್ಗದ ತಳಿ. ಹಿಂದಿನ ವರ್ಷಗಳ ಲೆಕ್ಕ ಕೈಯಲ್ಲಿದ್ದುದರಿಂದಲೇ ಈ ಏರಿಕೆ ಸ್ಪಷ್ಟವಾಗಿ ಕಂಡಿತು. ಇಲ್ಲದಿದ್ದರೆ ಎಷ್ಟೋ ಮಕ್ಕಳ ಜ್ವರ ಮಲೇರಿಯಾದ ಲೆಕ್ಕಕ್ಕೆ ಸೇರಿಹೋಗುತ್ತಿತ್ತು. 2018ರಲ್ಲಿ ಅದೇ ಊರಿನಲ್ಲಿ ಸುಮಾರು 28,000 ಮಕ್ಕಳನ್ನು ಸೇರಿಸಿಕೊಂಡು ಟೈಫಾಯ್ಡ್ ಲಸಿಕೆಯ ಪ್ರಯೋಗ ಆರಂಭವಾಯಿತು. ಶೇ. 80ರಷ್ಟು ರಕ್ಷಣೆ ಕಂಡುಬಂತು. 2023ರಲ್ಲಿ ಇಡೀ ದೇಶದ ಮಕ್ಕಳಿಗೆ ಲಸಿಕೆ ಹಾಕಲು ಶುರು ಮಾಡಿದರು.

ಹಣದ ಬಗ್ಗೆ ನಿಮ್ಮ ಕಳಕಳಿ ನ್ಯಾಯವಾದದ್ದೇ. ಕಲ್ಚರ್ ದುಬಾರಿ, ನಿಧಾನ, ಟೈಫಾಯ್ಡ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಹಿಡಿಯುತ್ತದೆ. ಆದರೂ ನಾನು ಮೊದಲು ಉಳಿಸಿಕೊಳ್ಳುವುದು ಅದನ್ನೇ.