ಪ್ರ: ಪುಣೆಯ ಪೇಪಲ್ ಸೆಮಿನರಿ ಶುರುವಾಗಿದ್ದು ಶ್ರೀಲಂಕಾದಲ್ಲಂತೆ, ನಿಜಾನಾ?

ನಿಜ, ನೀವು ಕೇಳಿದ್ದು ಸುಮ್ನೆ ಕಟ್ಟುಕಥೆ ಅಲ್ಲ. ಪೋಪ್ 13ನೇ ಲಿಯೋ 1893ರಲ್ಲಿ ಈ ಸೆಮಿನರಿಯನ್ನು, ಅಂದ್ರೆ ಕ್ಯಾಥೊಲಿಕ್ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯನ್ನು, ಶುರು ಮಾಡಿಸಿದ್ದು ಕ್ಯಾಂಡಿ ಊರಿನ ಅಂಪಿಟಿಯ ಗುಡ್ಡದ ಮೇಲೆ. ಈ ನೆಲದ ಹುಡುಗರೇ ಇಲ್ಲಿಯ ಪಾದ್ರಿಗಳಾಗಬೇಕು ಅನ್ನೋದು ಅವರ ಆಸೆ. ಹಾಗಾಗಿ ಭಾರತದ ಹುಡುಗರು ಕಡಲು ದಾಟಿ ಅಲ್ಲಿಗೆ ಓದಲು ಹೋಗುತ್ತಿದ್ದರು. ಪಾಠ, ಆಡಳಿತ ಎಲ್ಲ ಬೆಲ್ಜಿಯಂನ ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸಂನ್ಯಾಸಿ ಸಂಘದವರದ್ದು. ಮುಂದೆ ನಿಂತು ಕಟ್ಟಿಸಿದವರು ಪೋಪರ ಪ್ರತಿನಿಧಿ ಝಲೆಸ್ಕಿ. ಪೋಲೆಂಡಿನವರು, ಗಿಡಗಳ ಹುಚ್ಚು ಜಾಸ್ತಿ, ಚಿತ್ರ ಬೇರೆ ಬರೆಯುತ್ತಿದ್ದರು!

ಆಮೇಲೆ ಭಾರತ, ಸಿಲೋನ್ (ಶ್ರೀಲಂಕಾದ ಹಳೆ ಹೆಸರು) ಎರಡೂ ಬೇರೆ ಬೇರೆ ಸ್ವತಂತ್ರ ದೇಶಗಳಾದವಲ್ವಾ? ಹಾಗಾಗಿ 1955ರಲ್ಲಿ ಸೆಮಿನರಿ ಪುಣೆಯ ನಗರ್ ರಸ್ತೆಗೆ ಬಂತು. ಹಳೆ ಕ್ಯಾಂಪಸ್ ಹಾಳುಬೀಳಲಿಲ್ಲ, ಅದೀಗ ಶ್ರೀಲಂಕಾದ ರಾಷ್ಟ್ರೀಯ ಸೆಮಿನರಿ. ಪುಣೆಯ ಹುಡುಗರು ಓದುವುದು ಪಕ್ಕದ ಜ್ಞಾನದೀಪ ವಿದ್ಯಾಪೀಠದಲ್ಲಿ.