ಮಾವನ ಮಾತ್ರೆ ಚೀಲ ಯಾರಿಗೆ ತೋರಿಸೋದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನಿಗೆ 71 ವರ್ಷ, ಶುಗರ್ ಬಿಪಿ ಎರಡೂ ಇದೆ, ಮಂಡಿ ನೋವು ಬೇರೆ. ಶುಗರ್‌ಗೆ ಒಬ್ರು, ಹಾರ್ಟ್‌ಗೆ ಒಬ್ರು, ಮೂಳೆಗೆ ಒಬ್ರು ಅಂತ ಮೈಸೂರಿಗೆ ಓಡಾಡಿ ಸಾಕಾಗಿದೆ, ಈಗ ಕಾಲೂ ಊದ್ತಿದೆ. ಮಡಿಕೇರಿಯಲ್ಲೇ ಎಂ.ಡಿ. ಫಿಸಿಶಿಯನ್‌ಗೆ ತೋರಿಸಿ ಅಂತ ಪಕ್ಕದ ತೋಟದವ್ರು ಹೇಳ್ತಾರೆ, ನಮ್ಮನೆಯವ್ರು ‘ಅವ್ರು ಜ್ವರ ನೆಗಡಿ ನೋಡೋರು’ ಅಂತಾರೆ. ಏನ್ ಮಾಡ್ಲಿ?
ಹೆಸರು ಬೇಡ, ನಾಪೋಕ್ಲು

ಉತ್ತರ: ಪಕ್ಕದ ತೋಟದವ್ರು ಹೇಳಿದ್ದೇ ಸರಿ ತಾಯಿ. ಎಂ.ಡಿ. ಫಿಸಿಶಿಯನ್ ಅಂದ್ರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಎಂಬಿಬಿಎಸ್ ಮುಗಿಸಿ, ಆಮೇಲೆ 3 ವರ್ಷ ಹಾರ್ಟು ಕಿಡ್ನಿ ಲಿವರ್ರು ಶುಗರ್ರು ಸೋಂಕು ಅಂತ ಎಲ್ಲಾನೂ ವಾರ್ಡಲ್ಲಿ ರೋಗಿ ಪಕ್ಕ ನಿಂತು ಕಲಿತೋರು, ಆಪರೇಷನ್ ಒಂದು ಮಾಡಲ್ಲ ಅಷ್ಟೆ. ನಿಮ್ಮ ಹಾರ್ಟ್ ಡಾಕ್ಟ್ರೂ ಸಾಮಾನ್ಯವಾಗಿ ಇದೇ ಎಂ.ಡಿ. ಮಾಡಿ, ಮೇಲೆ ಇನ್ನೂ 3 ವರ್ಷ ಹಾರ್ಟ್ ಒಂದನ್ನೇ ಕಲಿಯೋ ಡಿ.ಎಂ. ಓದಿರ್ತಾರೆ.

ಈಗ ಕಾಲಿನ ವಿಷಯ. ಹಾರ್ಟ್ ವೀಕ್ ಆದ್ರೂ ಊದತ್ತೆ, ಕಿಡ್ನಿ ಲಿವರ್ ಕೆಟ್ರೂ ಊದತ್ತೆ, ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆಗೂ ಕೆಲವ್ರಿಗೆ ಪಾದ ಊದತ್ತೆ. ಇದು ಮಾತ್ರೆಯಿಂದ ಅಂತ ಗೊತ್ತಾಗ್ದೆ ಇನ್ನೊಬ್ರು ನೀರಿಳಿಸೋ ಮಾತ್ರೆ ಬರೀತಾರೆ, ಅದಕ್ಕೆ ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಕೆಂಪಗೆ ಬಾತ್ಕೊಳತ್ತೆ, ಅದಕ್ಕೊಂದು ನೋವಿನ ಮಾತ್ರೆ, ನೋವಿನ ಮಾತ್ರೆಗೆ ಬಿಪಿ ಏರತ್ತೆ, ಮತ್ತೆ ಬಿಪಿ ಡೋಸ್ ಜಾಸ್ತಿ! ಅವರವರ ಪಾಲಿನ ಅಂಗ ಅವರವರು ಸರಿಯಾಗೇ ನೋಡಿದ್ರು, ಆದ್ರೆ ಮಾವ ಒಬ್ರೇ ಅಲ್ವಾ.

ನನಗೆ ಜಾಸ್ತಿ ಹೆದರಿಕೆ ಮಂಡಿಗೆ ನುಂಗೋ ಡೈಕ್ಲೋಫೆನಾಕ್ ತರದ ಮಾತ್ರೆಗಳದ್ದು. ಟೆಲ್ಮಿಸಾರ್ಟನ್ ತರದ ಬಿಪಿ ಮಾತ್ರೆ, ನೀರಿಳಿಸೋ ಮಾತ್ರೆ, ಇದು, ಮೂರೂ ಸೇರಿದ್ರೆ ವಯಸ್ಸಾದೋರ ಕಿಡ್ನಿಗೆ ಪೆಟ್ಟು ಬೀಳಬಹುದು, ಅದ್ರಲ್ಲೂ ವಾಂತಿ ಭೇದಿ ಆದಾಗ. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಕೊನೇ ಸಲ ಯಾವಾಗ ನೋಡ್ಸಿದ್ರಿ ಅಂತ ಬರೆದಿಲ್ಲ ನೀವು.

ಹೋಗುವಾಗ ಚೀಟಿ ಮಾತ್ರ ಅಲ್ಲ, ಮಾತ್ರೆ ಚೀಲನೇ ತಗೊಂಡೋಗಿ, ಮೆಡಿಕಲ್‌ನಲ್ಲಿ ಕೇಳಿ ತಂದಿದ್ದು, ದಿನಾ ಕುಡಿಯೋ ಕಷಾಯ, ಎಲ್ಲಾ ಹೇಳಿ. (ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ ಮಾಡೋ ಮದ್ದು ಸೊಪ್ಪಿನ ಪಾಯಸ ಎಷ್ಟು ಲೋಟ ಇಳೀತು ಅನ್ನೋದೂ ಸೇರಿ, ಅದ್ರಲ್ಲಿ ಬೆಲ್ಲ ಇದೆ.) ಒಳ್ಳೆ ಫಿಸಿಶಿಯನ್ ಮೊಣಕಾಲ ಕೆಳಗೆ ಒತ್ತಿ ಗುಳಿ ಬೀಳತ್ತಾ ನೋಡ್ತಾರೆ, ಕತ್ತಿನ ನರ ನೋಡ್ತಾರೆ, ಬೆನ್ನಿಗೆ ಸ್ಟೆತ್ ಇಟ್ಟು ಕೇಳ್ತಾರೆ, ಮಲಗಿಸಿ ನಿಲ್ಸಿ ಎರಡು ಸಲ ಬಿಪಿ ತೆಗೀತಾರೆ. ಮೈ ಮುಟ್ಟದೆ ರಿಪೋರ್ಟ್ ಮಾತ್ರ ನೋಡಿ ಬರೆದು ಕೊಟ್ರೆ ಬೇರೆಯವ್ರನ್ನ ಹುಡುಕಿ, ನಾನು ಮುಲಾಜಿಲ್ದೆ ಹೇಳ್ತೀನಿ. 2016ರಲ್ಲಿ ಶುರುವಾದ ಮಡಿಕೇರಿಯ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲೂ ಮೆಡಿಸಿನ್ ವಿಭಾಗ ಇದೆ.

ಯಾವ ಮಾತ್ರೆನೂ ನೀವಾಗೇ ನಿಲ್ಲಿಸ್ಬೇಡಿ. ಮಲಗಿದ್ರೆ ಉಸಿರು ಕಟ್ಟತ್ತೆ, ಎದೆ ನೋವು, ಇಲ್ಲಾ ಒಂದೇ ಕಾಲು ದಿಢೀರ್ ಊದಿ ನೋಯತ್ತೆ ಅಂದ್ರೆ ಇದೆಲ್ಲಾ ಬಿಟ್ಟು ಅವತ್ತೇ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ನಮ್ಮ ತೋಟದ ಕೆಲಸದವರ ಲೈನ್ ಮನೆ ಹುಡುಗನಿಗೆ ಮಳೇಲಿ ನೆಂದು ಜ್ವರ. ಇದಕ್ಕೂ ಫಿಸಿಶಿಯನ್ ಬೇಕಾ?
ಓದುಗರು, ಪೊನ್ನಂಪೇಟೆ

ಉತ್ತರ: ಮೊದ್ಲು ಪಿಎಚ್‌ಸಿಗೇ ಕರ್ಕೊಂಡು ಹೋಗಿ. ಕಣ್ಣು ಕೆಂಪು, ಮೀನಖಂಡ ಮುಟ್ಟೋಕಾಗದಷ್ಟು ನೋವು, ಮೂತ್ರ ಕಮ್ಮಿ, ಮೈ ಹಳದಿ, ಇದ್ರಲ್ಲಿ ಒಂದಿದ್ರೂ ಇಲಿ ಜ್ವರ ಇರಬಹುದು, ಆಗ ತಡ ಮಾಡದೆ ಫಿಸಿಶಿಯನ್ ಇರೋ ಆಸ್ಪತ್ರೆಗೆ. ಕಂಕುಳಲ್ಲೋ ತೊಡೆ ಸಂದೀಲೋ ಕಪ್ಪು ಹಕ್ಕಳೆ ಇದ್ರೆ ಸಣ್ಣ ನುಸಿ ಕಚ್ಚಿ ಬರೋ ಸ್ಕ್ರಬ್ ಟೈಫಸ್ ಜ್ವರ ಇರಬಹುದು, ಆ ಹಕ್ಕಳೆ ಬಟ್ಟೆ ತೆಗೆಸಿ ನೋಡಿದ್ರೆ ಮಾತ್ರ ಸಿಗತ್ತೆ. ಡೆಂಗಿ ಅಲ್ಲ ಅಂತ ಗೊತ್ತಾಗೋ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡ್ಬೇಡಿ. ಕಾಲಲ್ಲಿ ಗಾಯ ಇಟ್ಕೊಂಡು ಗದ್ದೆ ನೀರಲ್ಲಿ ಕೆಲ್ಸ ಮಾಡಿದ್ರೆ ಅದನ್ನ ಡಾಕ್ಟ್ರು ಕೇಳೋಕೆ ಮೊದ್ಲೇ ಹೇಳ್ಬಿಡಿ.